ಕಡಲ ಹದ್ದಿನ ಗೂಡು ತೋರಿಸುತ್ತ ಕಲಿತದ್ದು

ನಮ್ಮ ಮಾಹಿತಿ ಕೇಂದ್ರಕ್ಕೆ ಬರುವವರು ಟಿಕೆಟ್ ತೆಗೆದುಕೊಂಡ ಕೂಡಲೇ ಕೇಳುವುದು ‘ಹದ್ದಿನ ಪಂಜರ ಯಾವ ಕಡೆ?’ ಎಂದು. ಪಂಜರ ಇಲ್ಲ ಅಂದರೆ ಕೆಲವರ ಮುಖ ಸಣ್ಣದಾಗುತ್ತದೆ. ಅವರನ್ನು ಗದ್ದೆ ಹಾಳಿಯ ಮೇಲೆ ನಡೆಸಿಕೊಂಡು ಹೋಗಿ, ತೆಂಗಿನ ಮಡಲಿನ ತಟ್ಟಿಯ ಹಿಂದೆ ನಿಲ್ಲಿಸಿ, ದುರ್ಬೀನಿಗೆ ಕಣ್ಣಿಡಿ ಎನ್ನುತ್ತೇನೆ. ಆಚೆಯ ಹಳೇ ಮಾವಿನ ಮರದ ತುದಿಯಲ್ಲಿ ಒಂದು ಗೂಡು. ಅದರ ಅಂಚಿನಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು: ಬೂದು ರೆಕ್ಕೆ, ಹಾಲುಬಿಳಿ ತಲೆ, ಎದೆ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಸುಮಾರು ಎರಡು ಮೀಟರ್.

ಊರಿನ ಹೆಸರು ಬರೆಯುವುದಿಲ್ಲ. ಕಾರವಾರ ಮತ್ತು ಅಂಕೋಲೆಯ ನಡುವೆ ಎಂದಿಟ್ಟುಕೊಳ್ಳಿ. ಕೇಂದ್ರಕ್ಕೆ ಬಂದವರ ಜೊತೆ ನಾವು ಇರುತ್ತೇವೆ. ಬರಹ ಓದಿ ನೇರ ಮರದ ಬುಡಕ್ಕೆ ಬರುವವರ ಜೊತೆ ಯಾರೂ ಇರುವುದಿಲ್ಲ.

ನಾನು ದೋಣಿಯ ಮನೆಯವನು. ಚಿಕ್ಕಂದಿನಿಂದ ಕಡಲ ಹದ್ದು ನೋಡಿದ್ದೇನೆ. ಬಲೆ ಎಳೆಯುವಾಗ ತಲೆಯ ಮೇಲೆ ಸುತ್ತುವ ಗರುಡನನ್ನು ಕಂಡು ಕೈ ಮುಗಿಯುತ್ತಿದ್ದ ಅಪ್ಪ, ಇದನ್ನು ಮಾತ್ರ ‘ಅದು ದೊಡ್ಡದು’ ಎಂದಷ್ಟೇ ಹೇಳುತ್ತಿದ್ದರು. ನಮ್ಮ ಗ್ರಾಮ ಅರಣ್ಯ ಸಮಿತಿ ಕೇಂದ್ರ ಶುರು ಮಾಡಿದಾಗ, ಗೂಡು ತೋರಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ವರ್ಷ ದೊಡ್ಡ ತಪ್ಪು ಮಾಡಿದೆ. ಜನರಿಗೆ ಚೆನ್ನಾಗಿ ಕಾಣಲಿ ಎಂದು ಮರದಿಂದ ಎಪ್ಪತ್ತು ಮೀಟರ್ ದೂರಕ್ಕೇ ತಟ್ಟಿ ಕಟ್ಟಿಸಿದೆ. ದೀಪಾವಳಿಯ ಹೊತ್ತಿಗೆ ಹೆಣ್ಣು ಕಾವಿಗೆ ಕೂತಿತ್ತು. ಹತ್ತು ಜನ ಬಂದು ನಿಂತರೆ ಅದು ಗೂಡಿನಲ್ಲಿ ಎದ್ದು ನಿಲ್ಲುತ್ತಿತ್ತು, ಕತ್ತು ಉದ್ದ ಮಾಡಿ ಬಾತುಕೋಳಿಯಂತೆ ಒರಲುತ್ತಿತ್ತು. ಜನ ‘ಆಹಾ, ಎದ್ದಿತು’ ಎಂದು ಖುಷಿಪಡುತ್ತಿದ್ದರು, ನಾನೂ ಖುಷಿಪಟ್ಟೆ. ಒಂದು ಭಾನುವಾರ ಅದು ಹಾರಿಯೇ ಹೋಯಿತು. ತಿರುಗಿ ಬರುವಷ್ಟರಲ್ಲಿ ಕಾಗೆಗಳು ಗೂಡಿಗೆ ಇಳಿದಿದ್ದವು. ಆ ವರ್ಷ ಮರಿ ಇಲ್ಲ. ಹಕ್ಕಿ ಎದ್ದು ನಿಂತಿತು ಎಂದರೆ ನಾವು ಆಗಲೇ ಅತಿ ಹತ್ತಿರ ಹೋಗಿದ್ದೇವೆ ಎಂದು ಓದಿಕೊಳ್ಳಲು ನನಗೆ ಒಂದು ಸಂಸಾರದ ಮೊಟ್ಟೆಗಳು ಬೇಕಾದವು. ಅದನ್ನು ಈಗಲೂ ನೆನೆದರೆ ಹೊಟ್ಟೆ ಚುರುಕ್ ಎನ್ನುತ್ತದೆ.

ಮರುವರ್ಷ ತಟ್ಟಿ ನೂರ ಎಂಬತ್ತು ಮೀಟರ್ ಹಿಂದಕ್ಕೆ ಹೋಯಿತು. ಕೈ ದುರ್ಬೀನು ಸಾಲದೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ದೊಡ್ಡ ಸ್ಕೋಪ್ ತಂದೆವು. ಒಮ್ಮೆಗೆ ಆರೇ ಜನ, ಹದಿನೈದು ನಿಮಿಷ. ಗೂಡು ಕಟ್ಟುವಾಗ ಮತ್ತು ಕಾವಿನ ಆರು ವಾರ ಯಾರಿಗೂ ಪ್ರವೇಶವಿಲ್ಲ. ಮರಿ ಹೊರಬಂದು ಎರಡು ವಾರ ಕಳೆದ ಮೇಲೆ ಮಾತ್ರ. ಸಮಿತಿಯಲ್ಲಿ ಇದಕ್ಕೆ ಬಿಸಿಬಿಸಿ ಮಾತಾಯಿತು, ಏಕೆಂದರೆ ಪ್ರವಾಸಿಗಳು ಬರುವುದೇ ಆ ತಿಂಗಳುಗಳಲ್ಲಿ. ನಾನು ಪಟ್ಟು ಬಿಡಲಿಲ್ಲ.

ಮರ ಒಬ್ಬ ಅಜ್ಜಿಯದು. ಮರ ಕಡಿಸಿ ಕೊಡಿ ಎಂದು ಮರದ ವ್ಯಾಪಾರಿ ಎರಡು ಸಲ ಬಂದು ಹೋಗಿದ್ದ. ನಾನು ಮಾತಾಡಲು ಹೋದಾಗ ಅಜ್ಜಿ ಅಂಗಳ ತೋರಿಸಿದಳು. ‘ನೋಡು ತಮಾ, ಮೀನಿನ ತಲೆ, ಹಾವಿನ ತುಂಡು. ದಿನಾ ಬೆಳಿಗ್ಗೆ ಗುಡಿಸುವವಳು ನಾನು. ನಿಮಗೆ ಚಂದ, ನಂಗೆ ನಾತ.’ ಮಾತು ಸರಿಯಾಗಿತ್ತು. ಆಮೇಲೆ ಟಿಕೆಟ್ಟಿನ ಐವತ್ತು ರೂಪಾಯಿಯಲ್ಲಿ ಹತ್ತು ಅಜ್ಜಿಗೆ ಎಂದಾಯಿತು. ಅಂಗಳ ಗುಡಿಸುವ ಕೆಲಸ ನನ್ನದಾಯಿತು. ಅದರಿಂದ ನನಗೇ ಹೆಚ್ಚು ಲಾಭ. ಗುಡಿಸಿದ್ದನ್ನು ಒಂದು ಹಳೇ ಎಣ್ಣೆ ಡಬ್ಬಿಗೆ ಹಾಕಿ, ದಿನಾಂಕ ಬರೆದಿಡುತ್ತ ಬಂದೆ. ಬಾಂಗಡೆ ತಲೆ, ಏಡಿಯ ಕೊಂಡಿ, ಬಾಚಣಿಗೆ ಹಲ್ಲಿನಂತೆ ಸಾಲಾಗಿರುವ ಕಡಲ ಹಾವಿನ ಪಕ್ಕೆಲುಬು. ಡಬ್ಬಿ ಬೇಗ ತುಂಬಿದರೆ ಗೂಡಿನಲ್ಲಿ ಎಲ್ಲ ಸರಿಯಿದೆ ಎಂದು ಅರ್ಥ. ಗೂಡಿನತ್ತ ತಲೆ ಎತ್ತಿ ನೋಡುವ ಅಗತ್ಯವೂ ಇಲ್ಲ. ಈಗ ಶಾಲೆಯ ಮಕ್ಕಳು ಬಂದರೆ ಮೊದಲು ಆ ಡಬ್ಬಿಯನ್ನೇ ಮೇಜಿನ ಮೇಲೆ ಸುರಿಯುತ್ತೇನೆ.

‘ಹೊರದೇಶಗಳಲ್ಲಿ ಗಿಡುಗಗಳನ್ನು ಸಾಕಿ, ಮರಿ ಮಾಡಿಸಿ, ಕೈ ಮೇಲೆ ಕೂರಿಸಿ ತೋರಿಸುತ್ತಾರಲ್ಲ, ನೀವ್ಯಾಕೆ ಮಾಡಬಾರದು?’ ಎಂದು ಕೇಳುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಹಕ್ಕಿ ಇದು. ಹಿಡಿಯುವುದು, ಸಾಕುವುದು ಅಪರಾಧ. ಕಾನೂನು ಬಿಟ್ಟರೂ ಇದಕ್ಕೆ ಪಂಜರ ಬೇಕಾಗಿಲ್ಲ. ರಣಹದ್ದಿಗೆ ಬೇಕಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧ, ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿ ಕೊಂದಿತು. 2006ರಲ್ಲಿ ಪಶುವೈದ್ಯದಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ಉಳಿದದ್ದು ಅಷ್ಟಿಷ್ಟು. ಅದಕ್ಕೇ ಹರಿಯಾಣದ ಪಿಂಜೋರಿನಲ್ಲಿ ಅವುಗಳನ್ನು ಸಾಕಿ ಮರಿ ಮಾಡಿಸುತ್ತಿದ್ದಾರೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿಯ ಜೊತೆ ಎಂಥ ತಾಳ್ಮೆಯ ಕೆಲಸ ಅದು! ಕಡಲ ಹದ್ದಿಗೆ ನಾವು ಮರ ಉಳಿಸಿಕೊಟ್ಟರೆ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಆದರೂ ಒಮ್ಮೆ ಮರಿಯನ್ನು ಕೈಯಲ್ಲಿ ಹಿಡಿಯಬೇಕಾಗಿ ಬಂತು. ಮೂರನೆಯ ವರ್ಷ, ಜನವರಿ ಕೊನೆ. ಮೊದಲು ಎರಡು ತಲೆ ಕಾಣುತ್ತಿದ್ದವು, ಆಮೇಲೆ ಒಂದೇ ಉಳಿದಿತ್ತು. ಅದಕ್ಕೆ ಸುಮಾರು ಏಳು ವಾರ. ಸಮುದ್ರ ದಂಡೆಯಲ್ಲಿ ಮದುವೆಯ ಫೋಟೊ ತೆಗೆಯಲು ಬಂದವರು ಹಾರಿಸಿದ ಡ್ರೋನ್ ಗೂಡಿನ ಮೇಲೆಯೇ ನಿಂತಿತು. ಮರಿ ಹಿಂದೆ ಹಿಂದೆ ಸರಿದು ಕೆಳಗೆ ಬಿತ್ತು. ಅಜ್ಜಿಯ ಹುಲ್ಲು ಬಣವೆ ಅದನ್ನು ಉಳಿಸಿತು.

ಅರಣ್ಯ ಇಲಾಖೆಗೆ ಫೋನ್ ಮಾಡಿ, ಅವರ ಒಪ್ಪಿಗೆ ಪಡೆದು, ಟವೆಲ್ ಮುಚ್ಚಿ ಎತ್ತಿಕೊಂಡೆ. ಮೊದಲು ಹಿಡಿಯಬೇಕಾದದ್ದು ಕಾಲನ್ನು. ಇವುಗಳ ಆಯುಧ ಕೊಕ್ಕಲ್ಲ, ಉಗುರು. ಎದೆಯ ನಡುಮೂಳೆಯ ಮೇಲೆ ಬೆರಳಾಡಿಸಿದೆ. ಮೂಳೆ ಚೂಪಾಗಿ ತಾಗಿದರೆ ಹಕ್ಕಿ ಹಸಿದಿದೆ ಎಂದರ್ಥ. ಇದಕ್ಕೆ ಎರಡೂ ಕಡೆ ಮಾಂಸ ತುಂಬಿತ್ತು. ರೆಕ್ಕೆಯ ದೊಡ್ಡ ಗರಿಗಳು ಇನ್ನೂ ಅರ್ಧ ಕೊಳವೆಯೊಳಗೇ ಇದ್ದವು, ಬುಡದಲ್ಲಿ ರಕ್ತ ಹರಿಯುವ ನೀಲಿ ಬಣ್ಣ. ಅವು ಮುರಿದರೆ ರಕ್ತ ನಿಲ್ಲುವುದು ಕಷ್ಟ, ಅದಕ್ಕೇ ತಂತಿ ಬಲೆಯ ಗೂಡಿನಲ್ಲಿ ಇಡಲಿಲ್ಲ. ಗಾಳಿಗೆ ತೂತು ಕೊರೆದ ರಟ್ಟಿನ ಪೆಟ್ಟಿಗೆ, ಕತ್ತಲು, ಸದ್ದಿಲ್ಲದ ಕೋಣೆ. ಪಶುವೈದ್ಯರು ನೋಡಿ ಮೂಳೆ ಮುರಿದಿಲ್ಲ ಎಂದರು.

ಎರಡು ರಾತ್ರಿ ನಮ್ಮಲ್ಲಿತ್ತು. ಆಗಷ್ಟೇ ದಡಕ್ಕೆ ಬಂದ ಬಾಂಗಡೆಯನ್ನು ಮುಳ್ಳು, ಚರ್ಮ ಸಮೇತ ತುಂಡು ಮಾಡಿ ಕೊಟ್ಟೆ. ಬರೀ ಮಾಂಸ ತಿನ್ನಿಸಿದರೆ ಮರಿಯ ಮೂಳೆ ಸೊಟ್ಟಗಾಗುತ್ತದೆ. ಬಹಳ ದಿನ ಮಂಜುಗಡ್ಡೆಯಲ್ಲಿಟ್ಟ ಮೀನನ್ನೇ ಕೊಡುತ್ತಿದ್ದರೆ ಬಿ1 ಜೀವಸತ್ವ ಕಡಿಮೆಯಾಗುತ್ತದೆ. ಮುಖಕ್ಕೆ ಬಟ್ಟೆ ಮುಚ್ಚಿಕೊಂಡು, ಉದ್ದ ಚಿಮುಟದಿಂದ, ಒಂದು ಮಾತೂ ಆಡದೆ. ಮಗಳು ಹೆಸರಿಡೋಣ ಎಂದಳು, ಬೇಡ ಎಂದೆ. ಮನುಷ್ಯನ ಮುಖ ಕಂಡು ಬಾಯಿ ತೆರೆಯಲು ಕಲಿತ ಹದ್ದು ಮುಂದೆ ಬದುಕುವುದು ಕಷ್ಟ.

ಮೂರನೆಯ ಬೆಳಿಗ್ಗೆ ತೆಂಗಿನಕಾಯಿ ಕೊಯ್ಯುವ ಗೆಳೆಯ ಹೆಲ್ಮೆಟ್ ಹಾಕಿಕೊಂಡು ಮರ ಹತ್ತಿದ. ಗೂಡಿನವರೆಗೆ ಹೋಗುವ ಕೊಂಬೆ ಅವನ ಭಾರ ತಡೆಯುವಂತಿರಲಿಲ್ಲ. ಆರಡಿ ಕೆಳಗಿನ ಕವೆಯಲ್ಲಿ ಅಗಲದ ಬಿದಿರು ಬುಟ್ಟಿ ಕಟ್ಟಿ, ಕಡ್ಡಿ ಮತ್ತು ಮಾವಿನ ಹಸಿ ಎಲೆ ಹಾಸಿ, ಮರಿಯನ್ನು ಅದರಲ್ಲಿ ಕೂರಿಸಿ ಇಳಿದ. ನಾವೆಲ್ಲ ತಟ್ಟಿಯ ಹಿಂದೆ. ಹೆಣ್ಣು ಎರಡು ಸಲ ಸುತ್ತು ಹಾಕಿ ಹೋಯಿತು. ಬಿಸಿಲೇರಿತು. ಮರಿ ಕೀರಲು ಶುರುಮಾಡಿತು. ನಾಲ್ಕು ತಾಸಿನ ಮೇಲೆ ಹೆಣ್ಣು ಮೀನು ಹಿಡಿದು ಬಂದು ಮೊದಲು ಗೂಡಿಗೆ ಇಳಿಯಿತು, ಕೆಳಗೆ ಇಣುಕಿತು, ಆಮೇಲೆ ಬುಟ್ಟಿಯ ಅಂಚಿಗೆ ಹಾರಿತು. ಸ್ಕೋಪಿನಲ್ಲಿ ನೋಡುತ್ತಿದ್ದ ನನ್ನ ಕಣ್ಣು ಮಂಜಾಗಿ ಮುಂದಿನದು ಕಾಣಲಿಲ್ಲ. ಗೆಳೆಯನೇ ಹೇಳಿದ, ‘ತಿಂತಾ ಇದೆ.’

ಫೆಬ್ರವರಿ ಕೊನೆಗೆ ಅದು ಬುಟ್ಟಿಯಿಂದಲೇ ಹಾರಿತು. ಕಂದು ಮೈ, ಅಪ್ಪ ಅಮ್ಮನ ಬಿಳುಪು ಬರಲು ನಾಲ್ಕೈದು ವರ್ಷ ಬೇಕು. ಈಗ ಕೇಂದ್ರದ ಗೇಟಿನಲ್ಲಿ ಡ್ರೋನ್ ಇಟ್ಟು ಹೋಗಬೇಕೆಂಬ ಬೋರ್ಡಿದೆ, ದಂಡೆಯ ಹೋಮ್‌ಸ್ಟೇಗಳಿಗೂ ಹೋಗಿ ಹೇಳಿ ಬಂದಿದ್ದೇವೆ. ಬುಟ್ಟಿ ಮಳೆಗಾಲದಲ್ಲಿ ಲಡ್ಡಾಗಿ ಬಿತ್ತು. ಈ ಸಲ ಗಣಪತಿ ಹಬ್ಬ ಮುಗಿದ ವಾರವೇ ಹೊಸ ಮಡಲು ಹೆಣೆದು ತಟ್ಟಿ ಕಟ್ಟಿಬಿಟ್ಟೆವು, ಜೋಡಿ ಕಡ್ಡಿ ತರಲು ಶುರುಮಾಡುವ ಮೊದಲು. ನಿನ್ನೆ ಅಜ್ಜಿ ಫೋನ್ ಮಾಡಿದ್ದಳು: ‘ತಮಾ, ಬಂದ್ವು. ಅಂಗಳದ ತುಂಬ ಕಡ್ಡಿ.’