ಅಂಗಡಿಗಳ ನಡುವೆ ಹಳೆಯ ಸರಾಯಿಯನ್ನು ಗುರುತಿಸುವ ಬಗೆ: ನಿಕೊಸಿಯಾದ ಬ್ಯುಯುಕ್ ಹಾನ್

ಸೈಪ್ರಸ್‌ನ ರಾಜಧಾನಿ ನಿಕೊಸಿಯಾದಲ್ಲಿ, ಕೋಟೆಯೊಳಗಿನ ಹಳೆಯ ಊರಿನ ಉತ್ತರ ಭಾಗದಲ್ಲಿರುವ ಬ್ಯುಯುಕ್ ಹಾನ್‌ಗೆ ಹೋದವರು ಬಹುಮಟ್ಟಿಗೆ ಕರಕುಶಲ ವಸ್ತುಗಳನ್ನು ನೋಡಿ, ಅಂಗಳದಲ್ಲಿ ಕಾಫಿ ಕುಡಿದು ಹೊರಬರುತ್ತಾರೆ. ಒಟ್ಟೋಮನ್ನರು ದ್ವೀಪವನ್ನು ಗೆದ್ದ ಬೆನ್ನಿಗೇ, 1572ರಲ್ಲಿ, ಅಲ್ಲಿನ ಅವರ ಮೊದಲ ಗವರ್ನರ್ ಮುಜಫ್ಫರ್ ಪಾಷಾ ಕಟ್ಟಿಸಿದ ಈ ಸರಾಯಿ (ವ್ಯಾಪಾರಿಗಳೂ ಪ್ರಯಾಣಿಕರೂ ಇಳಿದುಕೊಳ್ಳುವ ತಂಗುದಾಣ; ತುರ್ಕಿ ಭಾಷೆಯಲ್ಲಿ ‘ಹಾನ್’) ಬ್ರಿಟಿಷರ ಆಳ್ವಿಕೆಯಲ್ಲಿ ಸೆರೆಮನೆಯಾಯಿತು, ಆಮೇಲೆ ಬಡ ಕುಟುಂಬಗಳ ಆಸರೆಯಾಯಿತು, ಜೀರ್ಣೋದ್ಧಾರ ಮುಗಿದ ಮೇಲೆ 2002ರಲ್ಲಿ ಅಂಗಡಿಗಳ ತಾಣವಾಗಿ ತೆರೆಯಿತು. ಇಷ್ಟು ಕೈ ಬದಲಾದರೂ ಮೂಲ ವಿನ್ಯಾಸ ಉಳಿದದ್ದರಲ್ಲಿ ಅಚ್ಚರಿಯೇನಿಲ್ಲ; ಒಂದೇ ಅಂಗಳಕ್ಕೆ ತೆರೆದುಕೊಳ್ಳುವ ಸಣ್ಣ ಕೋಣೆಗಳ ಸಾಲು ಪ್ರಯಾಣಿಕರಿಗೂ ಕೈದಿಗಳಿಗೂ ವ್ಯಾಪಾರಿಗಳಿಗೂ ಒಂದೇ ರೀತಿ ಒದಗಿಬರುತ್ತದೆ. ಹೊರೆ ಹೊತ್ತ ಪ್ರಾಣಿ, ಸರಕು, ಪ್ರಯಾಣಿಕ ಈ ಮೂವರೂ ಎಲ್ಲೆಲ್ಲಿ ತಂಗುತ್ತಿದ್ದರು ಎಂದು ಕೇಳಿಕೊಳ್ಳುತ್ತ ಹೋದರೆ ಕಟ್ಟಡದ ಒಂದೊಂದು ಭಾಗಕ್ಕೂ ಕಾರಣ ಸಿಗುತ್ತದೆ.

ಬಾಗಿಲು ಕಂಡೊಡನೆ ಒಳಗೆ ನುಗ್ಗಬೇಡಿ. ಮೊದಲು ಹೊರಗೋಡೆಯ ಉದ್ದಕ್ಕೂ ಒಂದು ಸುತ್ತು ನಡೆಯಿರಿ. ದಪ್ಪ ಕಲ್ಲಿನ ಗೋಡೆ, ಅದರಲ್ಲಿ ಎತ್ತರದಲ್ಲಿ ಮಾತ್ರ ಇರುವ ಚಿಕ್ಕ ಕಿಂಡಿಗಳು, ಇವು ಕಟ್ಟಡಕ್ಕೆ ಕೋಟೆಯ ಚಹರೆ ಕೊಡುತ್ತವೆ. ಒಳಗೆ ಬೆಲೆಬಾಳುವ ಸರಕು ಇರುತ್ತಿದ್ದ ಕಾರಣ ರಾತ್ರಿ ಬಾಗಿಲು ಮುಚ್ಚಿದರೆ ಇಡೀ ಸರಾಯಿ ಭದ್ರವಾಗಬೇಕಿತ್ತು. ಬೀದಿಯ ಕಡೆಗೆ ತೆರೆದ ಮಳಿಗೆಗಳನ್ನು ಕಂಡು, ಇವು ಈಚಿನ ಬದಲಾವಣೆ ಎಂದು ತೀರ್ಮಾನಿಸುವವರುಂಟು. ಆದರೆ ಊರೊಳಗಿನ ಹಾನ್‌ಗಳು ಹೊರಮುಖದ ಮಳಿಗೆಗಳನ್ನು ಇಟ್ಟುಕೊಂಡೇ ಹುಟ್ಟಿದ್ದು ಸಾಮಾನ್ಯ. ವ್ಯಾಪಾರ ಇಲ್ಲಿಗೆ ಹೊಸದಾಗಿ ಬಂದದ್ದಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಇಂದಿನ ಅಂಗಡಿಗಳ ಮೇಲೆ ಅನಗತ್ಯ ಮುನಿಸು ಮೂಡುವುದಿಲ್ಲ.

ಹೆಬ್ಬಾಗಿಲಿನ ಕೆಳಗೆ ನಿಂತು ಅದರ ಎತ್ತರವನ್ನೂ ಅಗಲವನ್ನೂ ಕಣ್ಣಳತೆಯಲ್ಲಿ ಅಳೆಯಿರಿ. ಎರಡೂ ಮಗ್ಗುಲಿಗೆ ಮೂಟೆ ಹೇರಿದ ಒಂಟೆಯೋ ಹೇಸರಗತ್ತೆಯೋ ತಗಲದೆ ದಾಟುವಷ್ಟು ಜಾಗ ಅಲ್ಲಿ ಬೇಕಾಗಿತ್ತು. ಇಂಥ ಸರಾಯಿಗಳ ದೊಡ್ಡ ಕದದಲ್ಲಿ ಒಬ್ಬರು ಬಗ್ಗಿ ದಾಟುವ ದಿಡ್ಡಿಬಾಗಿಲು ಇರುವುದುಂಟು, ಹುಡುಕಿ ನೋಡಿ.

ಅಂಗಳಕ್ಕೆ ಬಂದ ಮೇಲೆ ನಡುವಿನ ಚಿಕ್ಕ ಕಟ್ಟಡದ ಬಳಿ ಹೆಚ್ಚು ಹೊತ್ತು ಕಳೆಯಬೇಕು. ಬ್ಯುಯುಕ್ ಹಾನ್‌ನ ಅತಿ ಚೆಲುವಿನ ಭಾಗ ಅದೇ ಎಂಬುದು ನನ್ನ ಎಣಿಕೆ. ಗುಮ್ಮಟ ಹೊತ್ತ ಎಂಟು ಮೂಲೆಯ ಪುಟ್ಟ ಮಸೀದಿ ಕಂಬಗಳ ಮೇಲೆ ನಿಂತಿದೆ, ಅದರ ಅಡಿಯಲ್ಲಿ ಕೈಕಾಲು ತೊಳೆಯುವ ನೀರಿನ ಕಾರಂಜಿ ಇದೆ. ಪ್ರಾಣಿಗಳು ಓಡಾಡುವ ನೆಲದಿಂದ ಪ್ರಾರ್ಥನೆಯ ಜಾಗವನ್ನು ಹೀಗೆ ಮೇಲಕ್ಕೆತ್ತಿದ್ದರಿಂದ ಅದು ಶುಚಿಯಾಗಿಯೂ ಉಳಿಯಿತು, ಕೆಳಗೆ ಅಂಗಳವೂ ಇಕ್ಕಟ್ಟಾಗಲಿಲ್ಲ. ಈ ಕಲ್ಪನೆ ಸೈಪ್ರಸ್ಸಿನ ಈ ಕಟ್ಟಡಕ್ಕಿಂತ ಬಹಳ ಹಳೆಯದು: ತುರ್ಕಿಯ ಅಕ್ಸರಾಯ್ ಬಳಿ 1229ರಲ್ಲಿ ಸೆಲ್ಜುಕ್ ಸುಲ್ತಾನ ಅಲಾಉದ್ದೀನ್ ಕೈಕುಬಾದ್ ಕಟ್ಟಿಸಿದ ಸುಲ್ತಾನ್ ಹಾನ್‌ನಲ್ಲಿ ಆಗಲೇ ನಾಲ್ಕು ಕಮಾನುಗಳ ಮೇಲೆ ನಿಂತ ಮಸೀದಿಯಿತ್ತು. ಕಂಬಗಳ ನಡುವೆ ನಿಂತು ಒಮ್ಮೆ ತಲೆಯೆತ್ತಿ ಮೇಲಿನ ಭಾರ ಕಮಾನುಗಳ ಮೂಲಕ ಹೇಗೆ ಇಳಿದುಬರುತ್ತದೆಂದು ನೋಡಿ.

ಇನ್ನು ಕೋಣೆಗಳು. ಎರಡು ಅಂತಸ್ತುಗಳಲ್ಲಿ ಹಂಚಿಹೋದ ಅರುವತ್ತೆಂಟು ಕೋಣೆಗಳೂ ಅಂಗಳವನ್ನು ಸುತ್ತುವರಿದ ಕಮಾನುಸಾಲಿನ ಮೊಗಸಾಲೆಗೆ ತೆರೆದುಕೊಳ್ಳುತ್ತವೆ. ಕೆಳಗೆ ಸರಕು ಮತ್ತು ವ್ಯವಹಾರ, ಮೇಲೆ ಮಲಗುವ ವ್ಯವಸ್ಥೆ. ಮೆಟ್ಟಿಲು ಹತ್ತಿ ಮೇಲಿನ ಕೋಣೆಯೊಂದಕ್ಕೆ ಹೋದರೆ ಅಂಗಡಿಯವರಲ್ಲಿ ಮೊದಲು ಅನುಮತಿ ಕೇಳಿ; ನೋಡಬೇಕಾದದ್ದು ಸಾಮಾನ್ಯವಾಗಿ ಅವರ ಕಪಾಟಿನ ಹಿಂದಿರುತ್ತದೆ. ಮೇಲಂತಸ್ತಿನ ಕೋಣೆಗಳಿಗೆ ಅಗ್ಗಿಷ್ಟಿಕೆ ಇದೆ, ಕೆಲವೆಡೆ ಅದರೊಳಗೇ ಮಾರಾಟದ ಸಾಮಾನು ಜೋಡಿಸಿಟ್ಟಿರಬಹುದು. ಹೊರಗೆ ಬಂದು ಮಾಳಿಗೆಯತ್ತ ನೋಡಿದರೆ ಎಂಟು ಮುಖದ ಹೊಗೆಗೂಡುಗಳು ಸಾಲಾಗಿ ಕಾಣುತ್ತವೆ. ಅಂಗಡಿಯ ಬಾಗಿಲು, ಬಣ್ಣ, ದೀಪಗಳೆಲ್ಲ ಬದಲಾಗಿದ್ದರೂ, ಪ್ರಯಾಣಿಕ ಎಲ್ಲಿ ಬೆಂಕಿ ಕಾಯಿಸಿಕೊಂಡ ಎಂಬುದನ್ನು ಅಂಗಳದಿಂದಲೇ ಹೇಳಬಹುದು.

ಹಳೆಯದನ್ನೂ ದುರಸ್ತಿಯನ್ನೂ ಬೇರ್ಪಡಿಸುವುದು ಕೊನೆಯ ಕೆಲಸ, ತಾಳ್ಮೆ ಬೇಡುವ ಕೆಲಸ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಗೋಡೆಯನ್ನು ನೋಡಿದರೆ ಉಳಿಯ ಗುರುತು ಎದ್ದು ಕಾಣುತ್ತದೆ. ಅಂಚು ಚೂಪಾಗಿ, ಮೈ ಒಂದೇ ಸಮನಾಗಿರುವ ಕಲ್ಲು ಯಂತ್ರದಲ್ಲಿ ಕೊಯ್ದು ಈಚೆಗೆ ಕೂರಿಸಿದ್ದಿರಬಹುದು. ಅಂಚು ಸವೆದು, ಮೈಯಲ್ಲಿ ಗುಳಿಬಿದ್ದದ್ದು ಬಹುಶಃ ಹಳೆಯದು. ಸಂದಿನ ಗಾರೆಯನ್ನೂ ಗಮನಿಸಿ: ಸುಣ್ಣದ ಗಾರೆ ತಿಳಿಬಣ್ಣದ್ದು, ಮೆದು; ಸಿಮೆಂಟ್ ಬೂದುಬಣ್ಣದ್ದು, ಗಡಸು, ಅದನ್ನು ಮೆತ್ತಿದ ಕಡೆ ತೇವ ಹೊರಬರಲು ದಾರಿಯಿಲ್ಲದೆ ಪಕ್ಕದ ಮೆದುಗಲ್ಲೇ ಪುಡಿಯಾಗುವುದುಂಟು. ಕಮಾನಿನ ಆಕಾರ ಗೋಡೆಯಲ್ಲಿ ಗೆರೆಯಂತೆ ಉಳಿದು, ಒಳಗಿನ ಕಲ್ಲುಗಳ ವರಸೆ ಅಕ್ಕಪಕ್ಕಕ್ಕೆ ಹೊಂದದಿದ್ದರೆ ಅಲ್ಲೊಂದು ಬಾಗಿಲನ್ನು ಯಾವಾಗಲೋ ಮುಚ್ಚಿದ್ದಾರೆ ಎಂದರ್ಥ.

ಇಷ್ಟು ಅಭ್ಯಾಸವಾದವರು ತುರ್ಕಿಯ ಬುರ್ಸಾದಲ್ಲಿರುವ ಕೋಜಾ ಹಾನ್ ಅನ್ನು ಇದೇ ಕ್ರಮದಲ್ಲಿ ನೋಡಬಹುದು. ಒಟ್ಟೋಮನ್ ಸುಲ್ತಾನ ಎರಡನೆಯ ಬಾಯಜೀದ್ 1491ರಲ್ಲಿ ಕಟ್ಟಿಸಿದ ಆ ಸರಾಯಿಯಲ್ಲಿಯೂ ಅಂಗಳದ ನಡುವೆ ಎತ್ತರಿಸಿದ ಮಸೀದಿ, ಅದರಡಿ ಕಾರಂಜಿ ಇವೆ. ರೇಷ್ಮೆಗೂಡಿನ ವ್ಯಾಪಾರ ನಡೆಯುತ್ತಿದ್ದ ಕೋಣೆಗಳಲ್ಲಿ ಈಗ ರೇಷ್ಮೆ ಬಟ್ಟೆಯ ಅಂಗಡಿಗಳಿವೆ. ಉತ್ತರದ ಹೆಬ್ಬಾಗಿಲನ್ನು ಮಾತ್ರ ಅವಸರದಲ್ಲಿ ದಾಟಬೇಡಿ, ಅದರ ಕಲ್ಲಿನ ಕೆತ್ತನೆ ನಿಕೊಸಿಯಾದ ಸಾದಾ ಬಾಗಿಲಿಗಿಂತ ಬಹಳ ಸಮೃದ್ಧವಾದದ್ದು.