ಇಂಗ್ಲಿಷ್ ವಾಕ್ಯದಲ್ಲಿ ಯಾರ ಸೀಟು ಎಲ್ಲಿ? ಮುಂಬೈಯ ದಿನದ ಮಾತಿನಿಂದ ಕಲಿಯುವ ಬಗೆ

ಮುಂಬೈಯ ಲೋಕಲ್ ಗಾಡಿಯಲ್ಲಿ ದಿನವೂ ಓಡಾಡುವವರ ಕಣ್ಣಿಗೆ ನೂರಾರು ಸಲ ಬಿದ್ದಿದ್ದರೂ ಮನಸ್ಸಿಗೆ ತಾಗದೆ ಹೋದ ಒಂದು ಇಂಗ್ಲಿಷ್ ವಾಕ್ಯವಿದೆ. ಅಪಾಯದ ಸರಪಳಿಯ ಪಕ್ಕದಲ್ಲಿ ಬರೆದಿರುವ ‘ಟು ಸ್ಟಾಪ್ ಟ್ರೇನ್ ಪುಲ್ ಚೇನ್’ ಎಂಬುದೇ ಅದು. ಊರಿನಿಂದ ಹೊಸದಾಗಿ ಬಂದು, ಇಂಗ್ಲಿಷ್ ಪದಗಳು ಬೇಕಾದಷ್ಟು ಗೊತ್ತಿದ್ದೂ ವಾಕ್ಯ ಕಟ್ಟುವಾಗ ತಡವರಿಸುವ ಹುಡುಗರಿಗೆ ಭಾನುವಾರ ಬೆಳಿಗ್ಗೆ ಮಾಟುಂಗದಲ್ಲಿ ಒಂದು ಗಂಟೆ ಪಾಠ ಹೇಳುವ ನಾನು, ಮೊದಲ ದಿನ ಇದೊಂದೇ ವಾಕ್ಯವನ್ನು ಹಲಗೆಯ ಮೇಲೆ ಬರೆಯುತ್ತೇನೆ. ಅದರ ಕೆಳಗೆ ‘ಗಾಡಿ ನಿಲ್ಲಿಸಲು ಸರಪಳಿ ಎಳೆಯಿರಿ’ ಎಂದು ಬರೆದು, ಎರಡನ್ನೂ ಪದಕ್ಕೆ ಪದ ಹೊಂದಿಸಿ ನೋಡಲು ಹೇಳುತ್ತೇನೆ. ಕನ್ನಡದಲ್ಲಿ ಗಾಡಿ ಮೊದಲು, ನಿಲ್ಲಿಸುವುದು ಆಮೇಲೆ. ಸರಪಳಿ ಮೊದಲು, ಎಳೆಯುವುದು ಆಮೇಲೆ. ಇಂಗ್ಲಿಷಿನಲ್ಲಿ ಎರಡು ಜೋಡಿಗಳೂ ತಿರುಗುಮುರುಗಾಗಿವೆ. ಮಾಡುವ ಕೆಲಸವನ್ನು ಮೊದಲು ಹೇಳಿ, ಆ ಕೆಲಸ ಯಾವುದರ ಮೇಲೆ ನಡೆಯುತ್ತದೆ ಎಂಬುದನ್ನು ನಂತರ ಹೇಳುವುದು ಆ ಭಾಷೆಯ ಕ್ರಮ. ಫಲಕದಲ್ಲಿ ಜಾಗ ಉಳಿಸಲು ‘ದ’ ಬಿಟ್ಟಿದ್ದಾರೆ. ಮಾತಿನಲ್ಲಿ ‘ಪುಲ್ ದ ಚೇನ್’ ಎಂದೇ ಹೇಳಬೇಕು.

ಮರಾಠಿಯ ‘ಸಾಖಳೀ ಓಢಾ’, ಹಿಂದಿಯ ‘ಜಂಜೀರ್ ಖೀಂಚಿಯೇ’ ಎರಡೂ ನಮ್ಮ ಕ್ರಮದಲ್ಲೇ ಇವೆ. ಮುಂಬೈಗೆ ಬಂದ ಆರೇ ತಿಂಗಳಲ್ಲಿ ಹಿಂದಿ, ಮರಾಠಿಗಳನ್ನು ನಾಲಿಗೆಗೆ ಹತ್ತಿಸಿಕೊಂಡವನು ಇಂಗ್ಲಿಷಿನ ಮುಂದೆ ಆರು ವರ್ಷವಾದರೂ ಹಿಂಜರಿಯುತ್ತಾನೆಂದರೆ ಅದು ಅವನ ದಡ್ಡತನವಲ್ಲ. ಮೊದಲಿನ ಎರಡು ಭಾಷೆಗಳಲ್ಲಿ ಅವನು ಪದಗಳನ್ನಷ್ಟೇ ಬದಲಿಸಿದರೆ ಬಹುಮಟ್ಟಿಗೆ ಸಾಕಾಗಿತ್ತು, ಇಲ್ಲಿ ಪದಗಳ ಜಾಗವನ್ನೂ ಬದಲಿಸಬೇಕಾಗಿದೆ.

ಜಾಗಕ್ಕೆ ಇಷ್ಟೊಂದು ಬೆಲೆ ಏಕೆಂಬುದನ್ನು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು. ‘ಶೇಖರ ರಮೇಶನನ್ನು ಕರೆದ’ ಎಂದರೂ, ‘ರಮೇಶನನ್ನು ಶೇಖರ ಕರೆದ’ ಎಂದರೂ ಕರೆದವನು ಶೇಖರನೇ. ಕನ್ನಡದ ನಾಮಪದವು ‘ಅನ್ನು’, ‘ಇಗೆ’, ‘ಇಂದ’ ಎಂಬ ವಿಭಕ್ತಿ ಪ್ರತ್ಯಯವನ್ನು ಪಾಸಿನಂತೆ ಕಿಸೆಯಲ್ಲಿಟ್ಟುಕೊಂಡೇ ಬರುವುದರಿಂದ ಎಲ್ಲಿ ಕುಳಿತರೂ ಅದನ್ನು ಗುರುತಿಸಬಹುದು. ಇಂಗ್ಲಿಷಿನ ನಾಮಪದಕ್ಕೆ ಆ ಪಾಸಿಲ್ಲ. ಅದು ಯಾರೆಂಬುದನ್ನು ಸೀಟಿನ ನಂಬರೇ ಹೇಳಬೇಕು. ‘ಶೇಖರ್ ಕಾಲ್ಡ್ ರಮೇಶ್’ ಎಂಬುದರಲ್ಲಿ ಇಬ್ಬರ ಜಾಗ ಅದಲುಬದಲಾದರೆ ಕರೆದವನೇ ಬೇರೆಯಾಗುತ್ತಾನೆ. ಸಾವಿರ ವರ್ಷಗಳ ಹಿಂದೆ ಇಂಗ್ಲಿಷಿಗೂ ವಿಭಕ್ತಿ ಪ್ರತ್ಯಯಗಳಿದ್ದವು. ಮುಂದಿನ ಕೆಲವು ಶತಮಾನಗಳಲ್ಲಿ ಅವು ಸವೆದುಹೋಗಿ, ‘ಹೀ–ಹಿಮ್’, ‘ಐ–ಮೀ’ಯಂಥ ಚೂರುಪಾರು ಉಳಿದಿವೆ, ಪ್ರತ್ಯಯಗಳು ಮಾಡುತ್ತಿದ್ದ ಕೆಲಸವನ್ನು ಪದಗಳ ಕ್ರಮ ವಹಿಸಿಕೊಂಡಿದೆ.

ಹೀಗಾಗಿ ಯಾವುದೇ ಇಂಗ್ಲಿಷ್ ವಾಕ್ಯ ಕಿವಿಗೆ ಬಿದ್ದಾಗ ಮೊದಲು ಅದರ ಕ್ರಿಯಾಪದವನ್ನು ಹುಡುಕಬೇಕು, ಆಮೇಲೆ ಆ ಕ್ರಿಯಾಪದ ತನ್ನ ನಂತರ ಎಷ್ಟು ಸೀಟುಗಳನ್ನು ಕೇಳುತ್ತದೆ ಎಂಬುದನ್ನು ನೋಡಬೇಕು. ವ್ಯಾಕರಣಕಾರರು ಸಾಮಾನ್ಯವಾಗಿ ಏಳು ಮೂಲ ಮಾದರಿಗಳನ್ನು ಹೇಳುತ್ತಾರೆ. ಕಲಿಯುವವರಿಗಾಗಿಯೇ ನಿಘಂಟು ಮಾಡಿದ ಎ. ಎಸ್. ಹಾರ್ನ್‌ಬಿ ಅವರು 1954ರ ತಮ್ಮ ಕೈಪಿಡಿಯಲ್ಲಿ ಕ್ರಿಯಾಪದಗಳಿಗೆ 25 ಮಾದರಿಗಳನ್ನು ಕೊಟ್ಟಿದ್ದರು. ನಮಗೆ ಏಳು ಸಾಕು, ಅದನ್ನೂ ಕೋಷ್ಟಕವಾಗಿ ಬಾಯಿಪಾಠ ಮಾಡಬೇಕಾಗಿಲ್ಲ. ‘ದ ಲಿಫ್ಟ್ ಸ್ಟಾಪ್ಡ್’ ಎಂಬಲ್ಲಿ ಕ್ರಿಯಾಪದದ ನಂತರ ಏನೂ ಬೇಕಿಲ್ಲ. ‘ಐ ಲಾಸ್ಟ್ ಮೈ ಪಾಸ್’ ಎಂಬಲ್ಲಿ ಕಳೆದುಹೋದ ವಸ್ತು ಬೇಕು. ‘ಹೀ ಗೇವ್ ಮೀ ಚೇಂಜ್’ ಎಂಬಲ್ಲಿ ಪಡೆದವನೂ ಬೇಕು, ಪಡೆದದ್ದೂ ಬೇಕು. ‘ಐ ಪುಟ್ ದ ಬ್ಯಾಗ್ ಆನ್ ದ ರ‍್ಯಾಕ್’ ಎಂಬಲ್ಲಿ ಚೀಲವನ್ನಷ್ಟೇ ಹೇಳಿ ನಿಲ್ಲಿಸಿದರೆ ಎಲ್ಲಿ ಇಟ್ಟೆ ಎಂದು ಕೇಳುವವನು ಕಾಯುತ್ತಲೇ ಇರುತ್ತಾನೆ. ‘ದಿ ಎಸಿ ಮೇಡ್ ದ ರೂಮ್ ಕೋಲ್ಡ್’ ಎಂಬಲ್ಲಿ ಕೋಣೆ ಏನಾಯಿತೆಂಬುದನ್ನೂ ಹೇಳಬೇಕು. ಉಳಿದ ಎರಡು ‘ದ ಟೀ ಈಸ್ ಹಾಟ್’ ಮತ್ತು ‘ದಿ ಆಫೀಸ್ ಈಸ್ ಇನ್ ಅಂಧೇರಿ’ ಎಂಬ ಬಗೆಯವು. ಇಲ್ಲಿ ಒಂದು ಎಚ್ಚರಿಕೆ ಬೇಕು. ನಾವು ‘ಚಹಾ ಬಿಸಿ’, ‘ಅವರು ಡಾಕ್ಟರು’ ಎಂದು ಕ್ರಿಯಾಪದವೇ ಇಲ್ಲದೆ ಮಾತು ಮುಗಿಸುತ್ತೇವೆ. ಗಾಡಿಯೊಳಗಿನ ಧ್ವನಿಯೂ ‘ಪುಢೀಲ್ ಸ್ಟೇಶನ್ ದಾದರ್, ಅಗಲಾ ಸ್ಟೇಶನ್ ದಾದರ್, ನೆಕ್ಸ್ಟ್ ಸ್ಟೇಶನ್ ದಾದರ್’ ಎಂದು ಮೂರು ಭಾಷೆಗಳಲ್ಲೂ ಒಂದೇ ಅಚ್ಚಿನಲ್ಲಿ ಹೇಳುತ್ತದೆ. ಘೋಷಣೆಗೆ ಅದು ಸಲ್ಲುತ್ತದೆ, ಪಕ್ಕದಲ್ಲಿ ಕುಳಿತವರಿಗೆ ಹೇಳುವಾಗ ‘ದ ನೆಕ್ಸ್ಟ್ ಸ್ಟೇಶನ್ ಈಸ್ ದಾದರ್’ ಎನ್ನಬೇಕು.

ನಮ್ಮವರು ಅತಿ ಹೆಚ್ಚು ಎಡವುವುದು ಎರಡು ಸೀಟು ಕೇಳುವ ಮಾದರಿಯಲ್ಲಿ. ನಾನೂ ಎಡವಿದವನೇ. ಫೋರ್ಟಿನ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಿಲ್ಲಿನಲ್ಲಿ ಕಂಡ ಒಂದು ಖರ್ಚಿನ ಬಗ್ಗೆ ‘ಪ್ಲೀಸ್ ಎಕ್ಸ್‌ಪ್ಲೇನ್ ಮೀ ದಿಸ್ ಚಾರ್ಜ್’ ಎಂದು ಪತ್ರ ಬರೆದು ಹಿರಿಯ ಗುಮಾಸ್ತರ ಮೇಜಿನ ಮೇಲಿಟ್ಟೆ. ಅವರು ಒಂದೂ ಮಾತಾಡದೆ ಪೆನ್ಸಿಲಿನಿಂದ ‘ಮೀ’ ಎಂಬುದಕ್ಕೆ ಗೆರೆ ಎಳೆದು, ವಾಕ್ಯದ ಕೊನೆಗೆ ‘ಟು ಮೀ’ ಎಂದು ಬರೆದು ಹಿಂದಿರುಗಿಸಿದರು. ‘ಗಿವ್ ಮೀ’ ಸರಿಯಾದರೆ ‘ಎಕ್ಸ್‌ಪ್ಲೇನ್ ಮೀ’ ಏಕೆ ತಪ್ಪೆಂಬುದು ಬಹಳ ದಿನ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಕನ್ನಡದಲ್ಲಿ ‘ನನಗೆ ಕೊಡಿ’, ‘ನನಗೆ ವಿವರಿಸಿ’ ಎರಡಕ್ಕೂ ಒಂದೇ ‘ನನಗೆ’. ತಪ್ಪು ಹುಟ್ಟುವುದು ಅಲ್ಲಿಂದಲೇ. ಇಂಗ್ಲಿಷಿನಲ್ಲಾದರೋ ‘ಗಿವ್’, ‘ಸೆಂಡ್’, ‘ಶೋ’, ‘ಟೆಲ್’, ‘ಲೆಂಡ್’ ಮುಂತಾದ ಗಿಡ್ಡ ಕ್ರಿಯಾಪದಗಳು ಪಡೆಯುವವನನ್ನು ನೇರವಾಗಿ ತಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳುತ್ತವೆ. ‘ಎಕ್ಸ್‌ಪ್ಲೇನ್’, ‘ಸಜೆಸ್ಟ್’, ‘ಡಿಸ್ಕ್ರೈಬ್’, ‘ಮೆನ್ಷನ್’ ಎಂಬ, ಲ್ಯಾಟಿನ್ ಮೂಲದಿಂದ ಬಂದ ಉದ್ದನೆಯ ಕ್ರಿಯಾಪದಗಳು ಹೆಚ್ಚಾಗಿ ಅವನನ್ನು ‘ಟು’ ಎಂಬ ಬಾಗಿಲಿನಿಂದಲೇ ಒಳಗೆ ಬಿಡುತ್ತವೆ. ‘ಆಫರ್’, ‘ಪ್ರಾಮಿಸ್’ ಎಂಬ ಅಪವಾದಗಳಿವೆ; ಗಿಡ್ಡದಾಗಿದ್ದರೂ ‘ಸೇ’ ಎಂಬುದು ‘ಟು’ ಬೇಡುತ್ತದೆ. ಆದರೂ ‘ಸಜೆಸ್ಟ್ ಮೀ ಅ ಗುಡ್ ಹೋಟೆಲ್’ ಎಂದು ಟೈಪ್ ಮಾಡಲು ಹೊರಟ ಬೆರಳನ್ನು ತಡೆಯಲು ಈ ಅಂದಾಜು ನಿಯಮ ಸಾಕು. ‘ಸಜೆಸ್ಟ್ ಅ ಗುಡ್ ಹೋಟೆಲ್’ ಎಂದಷ್ಟೇ ಬರೆದರೆ ತಕರಾರೇ ಇಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ‘ಅದರ ಬಗ್ಗೆ ಚರ್ಚಿಸೋಣ’ ಎಂದು ಮನಸ್ಸಿನಲ್ಲಿ ಅಂದುಕೊಂಡು ‘ಡಿಸ್ಕಸ್ ಅಬೌಟ್ ಇಟ್’ ಎನ್ನುತ್ತೇವೆ. ‘ಡಿಸ್ಕಸ್’ಗೆ ಆ ‘ಬಗ್ಗೆ’ ಬೇಕಿಲ್ಲ, ‘ಡಿಸ್ಕಸ್ ಇಟ್’ ಎಂದರೆ ಸಾಕು. ‘ದಾದರಿಗೆ ತಲುಪಿದೆ’ ಎಂಬುದರ ‘ಇಗೆ’ಯನ್ನೂ ಬಿಟ್ಟು ‘ಐ ರೀಚ್ಡ್ ದಾದರ್’ ಎನ್ನಬೇಕು.

ಮಳೆಗಾಲದಲ್ಲಿ ಕಲಿಯಬೇಕಾದ ಮಾದರಿಯೊಂದಿದೆ. ‘ಮಳೆ ಬರುತ್ತಿದೆ’ ಎಂಬುದಕ್ಕೆ ‘ಇಟ್ ಈಸ್ ರೇನಿಂಗ್’, ‘ಸಾಯನ್ನಿನಲ್ಲಿ ಹಳಿಯ ಮೇಲೆ ನೀರು ನಿಂತಿದೆ’ ಎಂಬುದಕ್ಕೆ ‘ದೇರ್ ಈಸ್ ವಾಟರ್ ಆನ್ ದ ಟ್ರ್ಯಾಕ್ಸ್ ಅಟ್ ಸಾಯನ್’. ಈ ‘ಇಟ್’ ಯಾರು, ‘ದೇರ್’ ಎಲ್ಲಿ ಎಂದು ಹುಡುಗರು ಕೇಳುತ್ತಾರೆ. ಯಾರೂ ಅಲ್ಲ, ಎಲ್ಲಿಯೂ ಅಲ್ಲ. ಅವು ಸೀಟಿನ ಮೇಲೆ ಹಾಕಿದ ಕರವಸ್ತ್ರ. ಇಂಗ್ಲಿಷ್ ವಾಕ್ಯ ತನ್ನ ಮೊದಲ ಸೀಟನ್ನು ಖಾಲಿ ಬಿಡಲು ಒಪ್ಪುವುದಿಲ್ಲ, ಕೂರುವವರು ಇಲ್ಲದಿದ್ದರೆ ಕರವಸ್ತ್ರವನ್ನಾದರೂ ಹಾಸುತ್ತದೆ. ‘ಈಸ್ ರೇನಿಂಗ್’ ಎಂದಷ್ಟೇ ಹೇಳುವವರು ಈ ಕರವಸ್ತ್ರವನ್ನು ಮರೆತಿರುತ್ತಾರೆ. ಆಜ್ಞೆಗಳಲ್ಲಿ ಮಾತ್ರ ಈ ಸೀಟು ಖಾಲಿ ಇರಬಹುದು. ಸರಪಳಿಯ ವಾಕ್ಯದಲ್ಲಿ ‘ನೀವು’ ಕಾಣದಿರುವುದು ಆ ಕಾರಣಕ್ಕೆ.

ಮೊದಲ ಸೀಟಿನದೇ ಇನ್ನೊಂದು ವಿಷಯ. ನಮಗೆ ಜ್ವರ ಬರುತ್ತದೆ, ನಮಗೆ ಹಸಿವಾಗುತ್ತದೆ, ನಮಗೆ ಗೊತ್ತಿರುತ್ತದೆ, ನಮಗೆ ರಜೆ ಬೇಕಾಗುತ್ತದೆ. ಇಂಥಲ್ಲೆಲ್ಲ ಕನ್ನಡದ ‘ನನಗೆ’ ಇಂಗ್ಲಿಷಿನಲ್ಲಿ ‘ಐ’ ಆಗಿ ಯಜಮಾನನ ಸೀಟಿಗೆ ಬಂದು ಕೂರುತ್ತದೆ: ‘ಐ ಹ್ಯಾವ್ ಅ ಫೀವರ್’, ‘ಐ ಆಮ್ ಹಂಗ್ರಿ’, ‘ಐ ನೋ’, ‘ಐ ವಾಂಟ್ ಲೀವ್’. ‘ಹ್ಯಾವ್’ ಎಂಬ ಒಡೆತನದ ಕ್ರಿಯಾಪದ ನಮ್ಮಲ್ಲಿ ಇಲ್ಲದಿರುವುದರಿಂದ ಅದನ್ನು ‘ಐ ಆಮ್ ಹ್ಯಾವಿಂಗ್ ಟೂ ಅಕೌಂಟ್ಸ್’ ಎಂದು ಎಳೆಯುವವರು ಬಹಳ ಮಂದಿ. ಖಾತೆ ಇರುವುದು ಒಂದು ಸ್ಥಿತಿ, ನಡೆಯುತ್ತಿರುವ ಕೆಲಸವಲ್ಲ. ‘ಐ ಹ್ಯಾವ್ ಟೂ ಅಕೌಂಟ್ಸ್’ ಎನ್ನಬೇಕು.

ಉದ್ದನೆಯ ವಾಕ್ಯಗಳಿಗೆ ಪ್ಲಾಟ್‌ಫಾರ್ಮಿನ ಘೋಷಣೆಯೇ ಪಾಠ. ‘ದ ಟ್ರೇನ್ ಅರೈವಿಂಗ್ ಆನ್ ಪ್ಲಾಟ್‌ಫಾರ್ಮ್ ನಂಬರ್ ತ್ರೀ’ ಎಂದು ಕೇಳಿದಾಗ ಗಾಡಿ ಮೊದಲು ಬಂತು, ಅದರ ವಿವರ ಬಾಲದಂತೆ ಹಿಂದೆ ಬಂತು. ನಾವು ‘ಮೂರನೇ ಪ್ಲಾಟ್‌ಫಾರ್ಮಿಗೆ ಬರುತ್ತಿರುವ ಗಾಡಿ’ ಎಂದು ವಿವರವನ್ನೆಲ್ಲ ಹೇಳಿ ಮುಗಿಸಿ ಕೊನೆಗೆ ಗಾಡಿಯನ್ನು ತರುತ್ತೇವೆ. ‘ನಿನ್ನೆ ಫೋನ್ ಮಾಡಿದವರು’ ಎಂಬುದನ್ನು ಇಂಗ್ಲಿಷಿಗೆ ತರುವಾಗ ಆ ಘೋಷಣೆಯನ್ನು ನೆನೆದು, ಮೊದಲು ‘ದ ಪರ್ಸನ್’ ಎಂದು ಹೇಳಿ, ಉಸಿರು ತೆಗೆದುಕೊಂಡು ‘ಹೂ ಕಾಲ್ಡ್ ಯೆಸ್ಟರ್‌ಡೇ’ ಎಂದು ಸೇರಿಸಿದರೆ ವಾಕ್ಯ ನಡುವೆ ಮುರಿಯುವುದಿಲ್ಲ.

ಅಭ್ಯಾಸಕ್ಕೆ ಒಂದು ಸಣ್ಣ ಪುಸ್ತಕ ಸಾಕು. ವಾರಕ್ಕೆ ಒಂದೇ ಕ್ರಿಯಾಪದವನ್ನು ಹಿಡಿದು, ಅದು ಬಂದ ವಾಕ್ಯವನ್ನು ಫಲಕದಲ್ಲೋ, ಬ್ಯಾಂಕಿನ ಸಂದೇಶದಲ್ಲೋ, ಗಲ್ಲಾದ ಮುಂದೆ ನಿಂತ ಗಿರಾಕಿಯ ಬಾಯಲ್ಲೋ ಸಿಕ್ಕಿದಂತೆಯೇ ಬರೆದುಕೊಳ್ಳಬೇಕು. ಆಮೇಲೆ ಕ್ರಿಯಾಪದವನ್ನು ಮುಟ್ಟದೆ ಉಳಿದ ಸೀಟುಗಳಲ್ಲಿ ಬೇರೆ ಬೇರೆ ಪದಗಳನ್ನು ಕೂರಿಸಿ, ತಮ್ಮ ಕೆಲಸಕ್ಕೆ ಬೇಕಾಗುವ ಐದು ವಾಕ್ಯಗಳನ್ನು ಮಾಡಿ ಗಟ್ಟಿಯಾಗಿ ಓದಬೇಕು. ಮನಸ್ಸಿನಲ್ಲೇ ಓದಿದರೆ ನಾಲಿಗೆ ಹಳೆಯ ಕ್ರಮಕ್ಕೇ ಜಾರುತ್ತದೆ.

ಹೊಸ ಪಾಠ ತಲೆಗೆ ಹತ್ತಿದ ಮೇಲೆ ಹೊಸ ತಪ್ಪೂ ಬರುವುದುಂಟು. ‘ಎಕ್ಸ್‌ಪ್ಲೇನ್ ಟು ಮೀ’ ಕಲಿತ ವಾರವೇ ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ‘ಹೀ ಗೇವ್ ಟು ಮೀ ದ ಕೀ’ ಎಂದು ಬರೆದುಕೊಂಡು ಬಂದ. ‘ಟು’ ಹಾಕಲೇಬೇಕೆಂದಿದ್ದರೆ ಕೊಟ್ಟ ವಸ್ತುವನ್ನು ಮುಂದಕ್ಕೆ ತರಬೇಕು: ‘ಹೀ ಗೇವ್ ದ ಕೀ ಟು ಮೀ’. ‘ಟು’ ಬೇಡವೆಂದರೆ ಪಡೆದವನು ಮುಂದೆ: ‘ಹೀ ಗೇವ್ ಮೀ ದ ಕೀ’. ಎರಡೂ ಸರಿ. ಅವನ ಪುಸ್ತಕದಲ್ಲಿ ‘ಟು’ವನ್ನು ಹೊಡೆದುಹಾಕಲಿಲ್ಲ, ‘ದ ಕೀ’ಗೆ ಒಂದು ಬಾಣ ಎಳೆದು ‘ಗೇವ್’ನ ಪಕ್ಕಕ್ಕೆ ತಂದಿಟ್ಟೆ.