ಮಾಗಳಿ ಬೇರು ಹೊಲದಲ್ಲೂ ಬಂತು

ಉಪ್ಪಿನಕಾಯಿ ಹಾಕುವ ಘಮದ ಬೇರಿನ ಮಾಗಳಿ ಗುಡ್ಡದ ಬಳ್ಳಿ, ಬಂಡೆ ಸಂದಿ ಬಿಟ್ಟರೆ ಎಲ್ಲೂ ಬರೋದಿಲ್ಲ ಅಂತ ಪಾಂಡವಪುರದ ಕಡೆ ನನಗೆ ಹೇಳದವರೇ ಇಲ್ಲ. ಈಗ ನನ್ನ ಹೊಲದಲ್ಲಿ ಸುಮಾರು 220 ಬಳ್ಳಿ ಇವೆ. ಹೋದ ಡಿಸೆಂಬರ್‌ನಲ್ಲಿ ಮೊದಲ ಬೇರು ತೆಗೆದೆ.

ನಮ್ಮ ಉಪ್ಪಿನಕಾಯಿ ಆಸೆಗೇ ಈ ಬಳ್ಳಿ ಅಳಿವಿನಂಚಿಗೆ ಬಂದಿದೆ. ಬೇರಿಗಾಗಿ ಬುಡವನ್ನೇ ಎಬ್ಬಿಸಿಬಿಡುತ್ತಾರೆ. ಅಲ್ಲಿಗೆ ಬಳ್ಳಿ ಮುಗಿಯಿತು.

ಮೊದಲ ವರ್ಷ ಬಳ್ಳಿಯ ಕಡ್ಡಿ ತುಂಡು ನೆಟ್ಟೆ. ಮುನ್ನೂರರಲ್ಲಿ ಮುಕ್ಕಾಲು ಪಾಲು ಚಿಗುರಿದವು, ಖುಷಿಪಟ್ಟೆ. ತಿಂಗಳೊಳಗೆ ಒಣಗಿದವು. ಬೇರು ಬಿಟ್ಟಿದ್ದು ಏಳೋ ಎಂಟೋ. ಮರುವರ್ಷ 4,000 ರೂಪಾಯಿ ಕೊಟ್ಟು ಬೀಜ ತಂದೆ. ಹಳೇ ಬೀಜ, ನೂರಕ್ಕೆ ಐದೂ ಹುಟ್ಟಲಿಲ್ಲ. ನೆರಳು ಬಲೆ, ಚೀಲ, ಕೂಲಿ ಎಲ್ಲ ಸೇರಿ ಎರಡು ವರ್ಷಕ್ಕೆ 25,000 ಹತ್ತಿರ ಹೋಯಿತು. ಆ ದುಡ್ಡಿಗೆ ಒಂದು ಹಸು ಕಟ್ಟಬಹುದಿತ್ತು ಅಂತ ಮನೆಯಲ್ಲಿ ಅಂದರು.

ಕೊನೆಗೆ ಗೆದ್ದಿದ್ದು ಸರಿಯಾದ ಹೊತ್ತಿಗೆ ಕಾಯಿ ಕಿತ್ತಿದ್ದರಿಂದ. ಕೊಂಬಿನ ಹಾಗೆ ಜೋಡಿ ಕಾಯಿ ಇರುತ್ತವಲ್ಲ, ಅವು ಕಂದು ತಿರುಗಿರಬೇಕು, ಬಾಯಿ ಬಿಟ್ಟಿರಬಾರದು. ಎರಡು ದಿನ ತಡವಾದರೆ ರೇಷ್ಮೆಯಂಥ ಕೂದಲಿನ ಸಮೇತ ಬೀಜ ಗಾಳಿಗೆ ಹಾರಿಹೋಗುತ್ತದೆ. ಕಾಯಿಗೆ ದಾರ ಸುತ್ತಿ ನೆರಳಲ್ಲಿ ಒಣಗಿಸಿ, ಕೂದಲು ಉಜ್ಜಿ ತೆಗೆದು, ವಾರದೊಳಗೆ ಬಿತ್ತಿದೆ. ಬಿತ್ತುವ ಹಿಂದಿನ ರಾತ್ರಿ ನೆನೆಸುತ್ತೇನೆ. ನೀರಿಗೆ ಏನು ಬೆರೆಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನೂರಕ್ಕೆ ಅರವತ್ತರ ಮೇಲೆ ಹುಟ್ಟಿತು! ಇಷ್ಟು ಹುಟ್ಟಿದ್ದನ್ನು ನಾನು ಬೇರೆ ಯಾವ ನರ್ಸರಿಯಲ್ಲೂ ನೋಡಿಲ್ಲ.

ಸುಮ್ನೆ ನೋಡೋಣ ಅಂತ ಇಪ್ಪತ್ತು ಸಸಿ ಸಿಮೆಂಟ್ ಚೀಲದಲ್ಲಿ ಬೆಳೆಸಿದೆ. ಬೇರು ನೆಟ್ಟಗೆ, ದಪ್ಪಗೆ ಬಂತು. ಸಿಪ್ಪೆ ಹೆರೆದು ನಡುವಿನ ನಾರು ತೆಗೆಯೋದು ಬಹಳ ಸಲೀಸು. ಆದರೆ ಅಮ್ಮ ಮಜ್ಜಿಗೆಗೆ ಹಾಕಿ ಮೂಸಿ ನೋಡಿ, ಕಲ್ಲು ಭೂಮಿಯ ಬೇರಿನ ಘಮ ಇದಕ್ಕಿಲ್ಲ ಅಂದರು. ಹೌದು, ನನಗೂ ಹಾಗೇ ಅನ್ನಿಸಿತು. ಚೀಲ ಬಿಟ್ಟೆ.

ಮೂರು ವರ್ಷ ತುಂಬಿದ ಬಳ್ಳಿಗೆ ಒಂದೇ ಪಕ್ಕ ಮಣ್ಣು ಬಿಡಿಸಿ, ಅರ್ಧ ಬೇರು ತೆಗೆದು ಮುಚ್ಚಿದೆ. ಮೂವತ್ತರಲ್ಲಿ ಎರಡು ಮೂರು ಸತ್ತವು, ಉಳಿದವು ಮತ್ತೆ ಚಿಗುರಿವೆ. ಕೆಜಿಗೆ 300ರಂತೆ ಪರಿಚಯದವರೇ ಕೊಂಡರು.

ನಮ್ಮ ಹೊಲದ ಮೇಲಿನ ಬಂಡೆ ಜಾಗದಲ್ಲೂ 40 ಸಸಿ ಇಟ್ಟೆ. ಹನ್ನೊಂದು ನಿಂತಿವೆ, ನೀರು ಗೊಬ್ಬರ ಏನೂ ಕೊಡದೆ. ಅವುಗಳ ಬೇರು ಮುಟ್ಟೋದಿಲ್ಲ.

ಮುಂಚೆ ಬೇರು ಅಗೆದು ಮಾರುತ್ತಿದ್ದ ನಮ್ಮೂರ ಅಣ್ಣ ಒಬ್ಬರು ಈಗ ತಮ್ಮ ಜಮೀನಿನ ಬಳ್ಳಿಯ ಕಾಯಿ ತಂದುಕೊಡುತ್ತಾರೆ. ಜೋಡಿಗೆ 20 ರೂಪಾಯಿ ಕೊಡುತ್ತೇನೆ. ಬುಡಕ್ಕೆ ಗುದ್ದಲಿ ಬಿದ್ದ ವರ್ಷ ಕಾಯಿ ಕೊಳ್ಳೋದಿಲ್ಲ ಅಂತ ಮೊದಲೇ ಮಾತಾಡಿಕೊಂಡಿದ್ದೇವೆ.